ಚಿಗುರಿದ ಕೋಣೆ

ಮಳೆಗಾಲ ಕಳೆದ ಮೇಲೆ ದಿವಾನರ ಕಾಲದ ತೋಟದ ಬಂಗಲೆ ಚಿಗುರುವುದು ವಾಡಿಕೆ. ಹೊಸದಾಗಿ ಮೊಳೆತ ಕಂಬ, ಕಮಾನುಗಳನ್ನು ಹಳೆಯ ನಕ್ಷೆಗೆ ಸರಿಯಾಗಿ ಕತ್ತರಿಸಿ ಸವರುವುದು ಮಾಲಿ ಕೆಂಪಾಜಮ್ಮನ ಕೆಲಸ.

ಈ ಸಲ, ಮೂವತ್ತು ವರ್ಷ ಅವಳು ಬಿಸಿಲಲ್ಲೇ ಕೂತು ಬುತ್ತಿ ಉಂಡ ಗೋಡೆಯ ಬುಡದಲ್ಲಿ ಪುಟ್ಟ ಕೋಣೆಯೊಂದು ಮೊಳೆತಿತ್ತು. ಒಳಗೆ ಕೂತರೆ ಕಿಟಕಿಯಲ್ಲಿ ಅವಳೇ ನೆಟ್ಟ ಸಂಪಿಗೆ ಮರ ಕಾಣುವಂತಿತ್ತು.

"ನಕ್ಷೇಲಿಲ್ಲ, ಕತ್ತರಿಸಮ್ಮ. ಯಾರು ಕೇಳಿದ್ರು ಇದನ್ನ?" ಎಂದರು ಮೇಲ್ವಿಚಾರಕ ಫಯಾಜ್ ಸಾಹೇಬರು.

"ಯಾರೂ ಬಾಯ್ಬುಟ್ಟು ಕೇಳ್ಲಿಲ್ಲ ಸಾಹೇಬ್ರೆ. ಬಂಗ್ಲೇನೇ ನೋಡ್ಕಂಡದೆ."

ಗರಗಸ ಹಾಕುವ ಮುನ್ನ ಅರಿಸಿನ ಹಚ್ಚಿ ಕ್ಷಮೆ ಕೇಳುವುದು ತೋಟದ ಪದ್ಧತಿ. ಕೆಂಪಾಜಮ್ಮ ಹೊಸ್ತಿಲಿಗೆ ಅರಿಸಿನ ಹಚ್ಚಿದಳು. ಸಾಹೇಬರು ಕಾದರು. ಅವಳು ಕುಂಕುಮವನ್ನೂ ಇಟ್ಟು, ಗರಗಸವನ್ನು ಹೊರಗೇ ಬಿಟ್ಟು, ಬುತ್ತಿ ಹಿಡಿದು ಬಲಗಾಲಿಟ್ಟು ಒಳಗೆ ಹೋದಳು.