ಬೆಳಿಗ್ಗೆಯೇ ಬಿದ್ದ ಓಟು

ಮತಗಟ್ಟೆಯ ಬಾಗಿಲಲ್ಲಿ ಅಮ್ಮನನ್ನು ಕಂಡದ್ದೇ ತಡ, ಒಳಗೆ ಪಕ್ಷದ ಏಜೆಂಟಾಗಿ ಕೂತಿದ್ದ ಮಗ ಕೈಲಿದ್ದ ಮತದಾರರ ಪಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದ. ಮಂಡಿನೋವೆಂದು ಹತ್ತು ವರ್ಷದಿಂದ ಇತ್ತ ತಲೆ ಹಾಕದ ಹೆಂಗಸು, ಇವತ್ತು ಕೋಲೂರಿಕೊಂಡು ಸಾಲಿನಲ್ಲಿ ನಿಂತಿದ್ದಳು.

ಅವಳ ಓಟು ಬೆಳಿಗ್ಗೆ ಎಂಟಕ್ಕೇ ಬಿದ್ದಾಗಿತ್ತು. ಪ್ರತಿ ಸಲವೂ ಅವನದೇ ಏರ್ಪಾಡು. ಅಮ್ಮನ ಗುರುತಿನ ಚೀಟಿ ಕೊಟ್ಟು ಅದೇ ವಯಸ್ಸಿನ ಯಾರನ್ನೋ ಕರೆಸುವುದು, ಆಮೇಲೆ ಚೀಟಿ ವಾಪಸು ಜೇಬಿಗಿಳಿಸುವುದು. ಇವತ್ತೂ ಅಷ್ಟೇ, ಇವರು ಗೊತ್ತಾ ಎಂದು ಅಧಿಕಾರಿ ಏಜೆಂಟರ ಬೆಂಚಿನತ್ತ ನೋಡಿದಾಗ, ನಮ್ಮ ತಾಯಿ ಸಾರ್ ಎಂದುಬಿಟ್ಟಿದ್ದ. ಮಗನೇ ಹಾಗೆಂದ ಮೇಲೆ ತಕರಾರು ಎತ್ತುವವರು ಯಾರು?

ಅಮ್ಮ ಸುಮ್ಮನೆ ಬಂದಿರಲಿಲ್ಲ. ಗೆದ್ದು ವರ್ಷ ತುಂಬುವುದರೊಳಗೆ ಶಾಸಕ ರಾಜೀನಾಮೆ ಬಿಸಾಕಿ, ತಾನು ಬೈದ ಪಕ್ಷಕ್ಕೇ ಹಾರಿ, ತಾನೇ ಖಾಲಿ ಮಾಡಿದ ಕುರ್ಚಿಗೆ ಮತ್ತೆ ನಿಂತಿದ್ದ. ಮಗನೂ ಅವನ ಹಿಂದೆಯೇ ಹಾರಿದ್ದ. ಹೋದ ಸಲ ನಾನು ಯಾರಿಗೆ ಓಟು ಹಾಕಿದ್ದೆ ಎಂದು ಅಮ್ಮ ನಿನ್ನೆ ಕೇಳಿದ್ದಳು. ಇದೇ ಶಾಸಕರಿಗೆ ಎಂದಾಗ, ಹಾಗಿದ್ದರೆ ಈ ಸಲ ನನ್ನ ಓಟು ನಾನೇ ಹಾಕ್ತೀನಿ ಅಂದಿದ್ದಳು. ಅವನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದ.

ಸರದಿ ಬಂತು. ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ, ಈ ಓಟು ಆಗಲೇ ಆಗಿದೆಯಲ್ಲ ಎಂದರು. ಅಮ್ಮ ಹತ್ತೂ ಬೆರಳು ಚಾಚಿದಳು. ಎಲ್ಲೂ ಶಾಯಿ ಇರಲಿಲ್ಲ. ಗುರುತಿನ ಚೀಟಿ ಕೇಳಿದರೆ, ಅದು ಮಗನ ಹತ್ತಿರ ಇದೆ ಎಂದು ಅವನತ್ತ ತೋರಿಸಿದಳು. ಪಟ್ಟಿಯಲ್ಲಿದ್ದ ಫೋಟೊವೋ, ಗಂಡೋ ಹೆಣ್ಣೋ ಎಂದು ಹೇಳಲಾಗದಷ್ಟು ಚೆನ್ನಾಗಿತ್ತು.

ಅಧಿಕಾರಿ ಕನ್ನಡಕ ತೆಗೆದರು. "ಬೆಳಿಗ್ಗೆ ಬಂದವರು ನಿಮ್ಮ ತಾಯಿ ಅಂದ್ರಿ. ಹಾಗಾದ್ರೆ ಇವರು ಯಾರು?"

ಇವರೇ ತಾಯಿ ಎಂದರೆ ಅಮ್ಮನಿಗೆ ಓಟು, ಅವನಿಗೆ ಪೊಲೀಸು. ಪಕ್ಕದಲ್ಲಿ ಎದುರು ಪಕ್ಷದ ಏಜೆಂಟು ಪೆನ್ನು ಬಿಚ್ಚಿಕೊಂಡು ಕಾಯುತ್ತಿದ್ದ. ಮಗನ ಕೈ ಜೇಬಿನ ತನಕ ಹೋಗಿ ಅಲ್ಲೇ ನಿಂತಿತು. ನಾಚಿಕೆಯೇನೋ ಆಯಿತು, ಆದರೆ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

"ಗೊತ್ತಿಲ್ಲ ಸಾರ್," ಎಂದ, ನೆಲ ನೋಡುತ್ತಾ.

ಅಮ್ಮ ರಂಪ ಮಾಡಲಿಲ್ಲ. ಕೋಲು ತಿರುಗಿಸಿಕೊಂಡು ಹೊರಟವಳು ಬೆಂಚಿನ ಮುಂದೆ ಒಂದು ಗಳಿಗೆ ನಿಂತಳು.

"ಆಯ್ತಪ್ಪ. ಮಧ್ಯಾಹ್ನ ಊಟಕ್ಕೆ ಆ ತಾಯಿ ಮನೆಗೇ ಹೋಗು."