ಮೊಕ್ತೇಸರರು ಮೂಸಿದ ಬಂಗುಡೆ

ಹೊಳೆ ಕಡಲು ಸೇರುವ ಅಳಿವೆಯ ತಪಾಸಣಾ ಶೆಡ್ಡಿನಲ್ಲಿ ಬುಧವಾರದ ಸರದಿ ಐದನೇ ಕ್ಲಾಸಿನ ಸುಗಂಧಿ ಖಾರ್ವಿಯದು, ಜೊತೆಗೆ ಒಂದು ಮುದಿ ನೀರುನಾಯಿಯದು. ದೊಡ್ಡವರು ಬರೆದ ವರದಿಗಳನ್ನು ಮೀನುಗಳೂ ನಂಬದಂತಾದ ಮೇಲೆ ಕಾನೂನು ಬದಲಾಗಿತ್ತು. ಕಾರ್ಖಾನೆಯವರು ತಮ್ಮ ತ್ಯಾಜ್ಯದ ಪೈಪಿನ ಬಾಯಲ್ಲಿ, ಮಕ್ಕಳ ಎದುರೇ ಹಿಡಿದ ಮೀನನ್ನು ಇಲ್ಲಿಗೆ ತರಬೇಕು. ನೀರುನಾಯಿ ತಿಂದರೆ ಪರವಾನಗಿ, ತಿನ್ನದಿದ್ದರೆ ಕಾರ್ಖಾನೆಗೆ ಬೀಗ. ಬರೆದುಕೊಳ್ಳುವ ಕೆಲಸ ಮಕ್ಕಳದು. ಈ ನೀರುನಾಯಿಯ, ದೇವಸ್ಥಾನದ ಆಡಳಿತ ನಡೆಸುವವರಂಥ ಗತ್ತು ನೋಡಿ ಅವರು ಅದನ್ನು ಮೊಕ್ತೇಸರರು ಎನ್ನುತ್ತಿದ್ದರು.

ಬಣ್ಣದ ಕಾರ್ಖಾನೆಯ ಮ್ಯಾನೇಜರ್ ವಸಂತ ಪ್ರಭು ಇಸ್ತ್ರಿ ಅಂಗಿ ತೊಟ್ಟು, ಬಾಳೆಲೆಯಲ್ಲಿ ಒಂದು ಬಂಗುಡೆ ಹಿಡಿದು ಬಂದ. ವಾಸನೆ ಮುಚ್ಚಲು ಅದಕ್ಕೆ ನಿಂಬೆರಸ ಬೇರೆ ಸವರಿದ್ದ.

ಮೊಕ್ತೇಸರರು ಒಮ್ಮೆ ಮೂಸಿದರು. ತಿರುಗಿ ನಿಂತು, ಅದರ ಮೇಲೆ ಉಚ್ಚೆ ಹೊಯ್ದು, ನೀರಿಗಿಳಿದರು.

"ಅದಕ್ಕೆ ಹೊಟ್ಟೆ ತುಂಬಿದೆ ಮಗೂ," ಎಂದ ಪ್ರಭು. "ನಮ್ಮ ನೀರಲ್ಲಿ ಎಂಥ ದೋಷವೂ ಇಲ್ಲ. ಪ್ರಾಣಿಗೆ ಏನು ಗೊತ್ತಾಗ್ತದೆ?"

ಸುಗಂಧಿ ಪೆನ್ಸಿಲ್ ಕೆತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಆಯ್ತವಾರ ಮೀನ್ ಮಾರ್ಕೆಟ್ಟಿಗೆ ಬತ್ರಿ ಅಲ್ದಾ ಮಾಮ? ನಮ್ಮಮ್ಮನ ಬುಟ್ಟಿ ಎದುರು ನಿಂತ್ಕಂಡು ಎಂತ ಕೇಳ್ತ್ರಿ?"

ಪ್ರಭು ಕರ್ಚೀಫು ತೆಗೆದು ಕೈ ಒರೆಸಿಕೊಂಡ.

"'ಇದು ಪೈಪಿನ ಬದಿದಲ್ಲ ಅಲ್ದಾ' ಅಂದೇಳಿ ಕೇಳ್ತ್ರಿ. ಪ್ರತಿ ವಾರವೂ ಕೇಳ್ತ್ರಿ."

ನಮೂನೆಯಲ್ಲಿ 'ಈ ಮೀನು ತಿನ್ನಲು ಒಪ್ಪದವರು' ಎಂಬ ಕಾಲಮ್ಮಿತ್ತು. ಅವಳು ಅಲ್ಲಿ ಮೊದಲು ಮೊಕ್ತೇಸರರ ಹೆಸರು ಬರೆದಳು. ಅದರ ಕೆಳಗೆ, ದುಂಡಗಿನ ಅಕ್ಷರದಲ್ಲಿ, ವಸಂತ ಪ್ರಭು ಎಂದು ಬರೆದಳು.