ಹಗೇವಿನ ನಾತ

ಮುಗ್ಗಿದ ಜೋಳದ ನಾತ ಬಂದರೆ ಇಂದಿಗೂ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಆ ವಾರ ನಮ್ಮೂರು ಜಕ್ಕಲಿಯ ಮೇಲೆ ಮಿಲಿಟರಿ ವಿಮಾನಗಳು ತೀರ ಕೆಳಗೆ ಹಾರುತ್ತಿದ್ದವು. ತಂಗಿ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ಅಪ್ಪ ಒಂದು ಬೆಳಿಗ್ಗೆ ತೆರೆದಿದ್ದ. "ಮೊದಲ ಕಂದೀಲ ಇಳಿಬಿಟ್ಟು ನೋಡ್ಬೇಕು. ಅದು ಆರಿತಂದ್ರ ಒಳಗ ಉಸಿರು ಕಟ್ಟತೈತಿ" ಎಂದು ಹೇಳಿಯೇ ಹೊಲಕ್ಕೆ ಹೋಗಿದ್ದ.

ಅವಳ ಅಳು ಕೇಳಿ ನನಗೆ ಸಾಕಾಗಿತ್ತು. "ಅಂಜಬುರುಕಿ, ಒಳಗ ಸಪ್ಪಳ ಕೇಳಂಗಿಲ್ಲ, ಇಳಿ" ಎಂದು ಹಗ್ಗ ಕೊಟ್ಟು ಇಳಿಸಿದೆ.

"ಅಣ್ಣಾ, ನಾತ..." ಎಂದಳು.

ವಿಮಾನಗಳು ಒಂದರ ಹಿಂದೊಂದು ಬಂದವು. ನಾನು ಮೇಲೆ ನೋಡುತ್ತ ನಿಂತೆ. ಅವು ಹೋದ ಮೇಲೆ ಹಗೇವಿನೊಳಗಿನಿಂದಲೂ ಸದ್ದಿರಲಿಲ್ಲ.

ಹೆಣ ಎತ್ತಿದಾಗ ಅಪ್ಪ ಕೇಳಿದ: "ಯಾಕ ಇಳಿದ್ಲೋ?"

"ವಿಮಾನಕ್ಕ ಅಂಜಿ ತಾನ ಇಳಿದ್ಲು."

ಅವ್ವ ಇವತ್ತಿಗೂ ವಿಮಾನಗಳಿಗೇ ಶಾಪ ಹಾಕುತ್ತಾಳೆ. ಪಕ್ಕದಲ್ಲಿ ಕೂತು ನಾನು ಹೌದೆನ್ನುತ್ತೇನೆ.